ಟೆಸ್ಟಿಂಗ್ ಪಟ್ಟಿ ನೋಡಿ ಚಾಂಪಿಯನ್ ಯಾರಂತ ಕೇಳಬೇಡಿ

ಫೆಬ್ರವರಿ ಬಂತು ಅಂದರೆ ನನ್ನ ಫೋನಿಗೆ ಸ್ಕ್ರೀನ್‌ಶಾಟ್‌ಗಳು ಬೀಳೋಕೆ ಶುರು. ಫಾರ್ಮುಲಾ ಒನ್ ಕಾರ್ ರೇಸಿನ ಸೀಸನ್‌ಗೆ ಮುಂಚೆ ನಡೆಯುವ ಟೆಸ್ಟಿಂಗ್‌ನ ಪಟ್ಟಿ. ಮೇಲೆ ಒಂದು ಹೆಸರು, ಪಕ್ಕದಲ್ಲಿ ಲ್ಯಾಪ್ ಟೈಮ್ (ಟ್ರ್ಯಾಕಿನ ಒಂದು ಸುತ್ತಿಗೆ ಹಿಡಿದ ಹೊತ್ತು), ಕೆಳಗೆ ಒಂದು ಸಾಲು: "ಈ ವರ್ಷ ಫೆರಾರಿದೇ, ಅಲ್ವಾ?" ಪುಣೆಯ ಕನ್ನಡದ ಗೆಳೆಯರು ಕಳಿಸುತ್ತಾರೆ. ಹುಬ್ಬಳ್ಳಿಯಿಂದ ಅಕ್ಕನ ಮಗ ಕಳಿಸುತ್ತಾನೆ. ಆಫೀಸಿನ ಮರಾಠಿ ಹುಡುಗರೂ ಬಿಡಲ್ಲ. ಗಾಡಿ ಟೆಸ್ಟ್ ಮಾಡೋದೇ ನನ್ನ ಹೊಟ್ಟೆಪಾಡು ಅಂತ ಎಲ್ಲರಿಗೂ ಗೊತ್ತು, ಅದಕ್ಕೇ ಕೇಳುತ್ತಾರೆ. ನನಗೆ ಸಿಟ್ಟು ಬರೋದೂ ಅದಕ್ಕೇ. ಫೆರಾರಿ ತಂಡದ ಡ್ರೈವರ್ ಕೊನೆಯ ಸಲ ಚಾಂಪಿಯನ್ ಆಗಿದ್ದು 2007ರಲ್ಲಿ. ಆಮೇಲೆ ಟೆಸ್ಟಿಂಗ್ ಪಟ್ಟಿಯಲ್ಲಿ ಫೆರಾರಿ ಮೇಲೆ ಕೂತ ವರ್ಷಗಳು ಎಷ್ಟೋ ಇವೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಎಫ್ ಒನ್ ತಂಡದ ಮನುಷ್ಯ ಅಲ್ಲ. ಪುಣೆ ಹತ್ತಿರದ ಚಾಕಣ ಕಡೆ ರಸ್ತೆ ಗಾಡಿಗಳನ್ನು ಟೆಸ್ಟ್ ಮಾಡುವವನು. ಹಾಗಾಗಿ ಗ್ಯಾರೇಜಿನ ಒಳಗಿನ ಗುಟ್ಟು ನನ್ನ ಹತ್ತಿರ ಇಲ್ಲ. ಆದರೆ ಟೆಸ್ಟ್ ಅಂದರೆ ಏನು, ಅದರಿಂದ ಬಂದ ನಂಬರನ್ನು ಎಷ್ಟು ನಂಬಬೇಕು ಅನ್ನೋದು ಎರಡೂ ಕಡೆ ಒಂದೇ.

ಆ ಪಟ್ಟಿಯಲ್ಲಿ ಮುಖ್ಯವಾದ ಒಂದು ಕಾಲಮ್ಮೇ ಇರಲ್ಲ. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು? ಅದನ್ನು ಯಾವ ತಂಡವೂ ಹೇಳಲ್ಲ, ಹೇಳಬೇಕು ಅಂತ ನಿಯಮವೂ ಇಲ್ಲ. ಬಾರ್ಸಿಲೋನಾದಂಥ ಟ್ರ್ಯಾಕಿನಲ್ಲಿ 10 ಕೆಜಿ ಪೆಟ್ರೋಲ್ ಜಾಸ್ತಿ ಇದ್ದರೆ ಒಂದು ಲ್ಯಾಪಿಗೆ ಹತ್ತಿರ ಹತ್ತಿರ 0.3 ಸೆಕೆಂಡ್ ಹೋಗುತ್ತದೆ. 2019ರ ನಿಯಮದಲ್ಲಿ ರೇಸಿಗೆ 110 ಕೆಜಿವರೆಗೆ ತುಂಬಿಸಬಹುದಿತ್ತು. ಅಂದರೆ ಖಾಲಿ ಟ್ಯಾಂಕಿಗೂ ತುಂಬಿದ ಟ್ಯಾಂಕಿಗೂ ಮೂರು ಸೆಕೆಂಡಿನ ಮೇಲೆ ವ್ಯತ್ಯಾಸ. ಮೂರು ಸೆಕೆಂಡ್ ಅಂದರೆ ಎಷ್ಟೋ ಸಲ ಪಟ್ಟಿಯ ಮೊದಲನೆಯವನಿಗೂ ಕೊನೆಯವನಿಗೂ ಇರುವಷ್ಟು ಅಂತರ.

ಅದೇ 2019ರ ಟೆಸ್ಟಿಂಗ್ ತೆಗೆದುಕೊಳ್ಳಿ. ಫೆರಾರಿಯ ವೆಟ್ಟೆಲ್ 1:16.221. ಮರ್ಸಿಡೀಸ್‌ನ ಹ್ಯಾಮಿಲ್ಟನ್ 1:16.224. ಅಂತರ 0.003 ಸೆಕೆಂಡ್. ಮೇಲಿನ ಲೆಕ್ಕದಲ್ಲಿ ಅದು 100 ಗ್ರಾಂ ಪೆಟ್ರೋಲ್, ಸುಮಾರು 130 ಮಿಲಿ. ಪುಣೆ ಟಪರಿಯ (ರಸ್ತೆಬದಿ ಚಹಾದಂಗಡಿಯ) ಒಂದೂವರೆ ಕಟಿಂಗ್ ಚಹಾ! ಇಷ್ಟರ ಮೇಲೆ ಜನ ಚಾಂಪಿಯನ್‌ಶಿಪ್ಪೇ ಬರೆದುಕೊಟ್ಟರು. ಮೆಲ್ಬರ್ನ್‌ನ ಮೊದಲ ರೇಸಿನಲ್ಲಿ ಮರ್ಸಿಡೀಸ್‌ನವನೇ ಆದ ಬೊಟಾಸ್ ಗೆದ್ದ, ಹ್ಯಾಮಿಲ್ಟನ್ ಎರಡನೆಯವನು. ವೆಟ್ಟೆಲ್ 57 ಸೆಕೆಂಡ್ ಹಿಂದೆ, ನಾಲ್ಕನೇ ಸ್ಥಾನ. ಆ ವರ್ಷದ ಮೊದಲ ಎಂಟು ರೇಸೂ ಮರ್ಸಿಡೀಸ್ ಪಾಲು.

ಪೆಟ್ರೋಲ್ ಒಂದೇ ಅಲ್ಲ. ಟೈರಿನಲ್ಲಿ ಗಟ್ಟಿ, ಮೆತ್ತಗೆ ಅಂತ ಬಗೆಗಳಿವೆ. ಎಂಜಿನ್ ಎಷ್ಟು ಜೋರಾಗಿ ಓಡಿಸಿದರು ಅನ್ನೋದಿದೆ. ಬಹ್ರೇನ್‌ನಲ್ಲಿ ಮಧ್ಯಾಹ್ನದ ಬಿಸಿಲಿನ ಟ್ರ್ಯಾಕೇ ಬೇರೆ, ರಾತ್ರಿಯದೇ ಬೇರೆ. ಬೇಕಂತಲೇ ಕೊನೇ ತಿರುವಿನಲ್ಲಿ ಆಕ್ಸಿಲರೇಟರ್ ಬಿಡುವ ಡ್ರೈವರೂ ಇರುತ್ತಾನೆ. ಇವೆಲ್ಲ ನಿಮಗೆ ಗೊತ್ತಿರೋದೇ ಅಂದುಕೊಂಡು ಮುಂದೆ ಹೋಗುತ್ತೇನೆ.

ಯಾಕಂದರೆ ನನ್ನ ತಕರಾರು ಬೇರೆ. ತಂಡಗಳು ಅಲ್ಲಿಗೆ ವೇಗ ತೋರಿಸೋಕೆ ಬರುತ್ತವೆ ಅಂತ ಜನ ನಂಬಿದ್ದಾರಲ್ಲ, ಬುಡದಲ್ಲೇ ತಪ್ಪಿರೋದು ಅಲ್ಲಿ. 2025ರಲ್ಲಿ ಟೆಸ್ಟಿಂಗ್ ಇದ್ದದ್ದು ಮೂರೇ ದಿನ. ತಂಡಕ್ಕೆ ಒಂದೇ ಗಾಡಿ, ಅದನ್ನು ಇಬ್ಬರು ಡ್ರೈವರ್ ಹಂಚಿಕೊಳ್ಳಬೇಕು. ಒಬ್ಬನಿಗೆ ಸಿಕ್ಕಿದ್ದು ಒಂದೂವರೆ ದಿನ. ಅಷ್ಟರಲ್ಲಿ ತಿಳಿದುಕೊಳ್ಳಬೇಕಾದ್ದು ಒಂದೇ: ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ಹೇಳಿದ ಹಾಗೆ ಈ ಗಾಡಿ ನಡೆದುಕೊಳ್ಳುತ್ತಿದೆಯಾ?

ಬೆಳಗಿನ ಹೊತ್ತು ಗಾಡಿಗಳು ಹೊರಗೆ ಬರುವಾಗ ಸರಿಯಾಗಿ ನೋಡಿ. ಮುಂದಿನ ಚಕ್ರದ ಹಿಂದೆ ಕಿಟಕಿಯ ಸರಳಿನ ಚೌಕಟ್ಟಿನ ಹಾಗೆ ಒಂದು ಲೋಹದ ಜಾಲರಿ ಕಟ್ಟಿರುತ್ತಾರೆ. ಅದರ ತುಂಬ ಸಣ್ಣ ಸಣ್ಣ ಕೊಳವೆ. ಗಾಳಿ ಎಲ್ಲಿ ಎಷ್ಟು ಒತ್ತಡದಲ್ಲಿ ಹರಿಯುತ್ತಿದೆ ಅಂತ ಅವು ಅಳೆಯುತ್ತವೆ. ಆಗ ಡ್ರೈವರ್ ನೇರ ರಸ್ತೆಯಲ್ಲಿ ಒಂದೇ ವೇಗ ಹಿಡಿದು ಸುಮ್ನೆ ಹೋಗಬೇಕು. ಇನ್ನು ಕೆಲವು ಸಲ ವಿಂಗ್ (ಗಾಡಿಯನ್ನು ನೆಲಕ್ಕೆ ಒತ್ತುವ ರೆಕ್ಕೆ) ಮೇಲೆ ಹಸಿರು ಬಣ್ಣ ಹಚ್ಚಿ ಕಳಿಸುತ್ತಾರೆ. ತೆಳು ಎಣ್ಣೆಯಲ್ಲಿ ಹೊಳೆಯುವ ಪುಡಿ ಕಲಸಿದ ಬಣ್ಣ ಅದು. ಗಾಳಿ ಎಳೆದ ಕಡೆಗೆ ಗೆರೆ ಮೂಡುತ್ತದೆ. ಗಾಳಿ ಮೈ ಬಿಟ್ಟ ಕಡೆ ಗೆರೆ ಕಲಸಿಹೋಗುತ್ತದೆ. ವಾಪಸ್ ಬಂದ ಕೂಡಲೇ ಹುಡುಗರು ಓಡಿಹೋಗಿ ಫೋಟೋ ತೆಗೆಯುತ್ತಾರೆ. ಆ ಲ್ಯಾಪಿನ ಟೈಮನ್ನು ಅಲ್ಲಿ ಯಾರೂ ಕೇಳಲ್ಲ.

ನಮ್ಮದೂ ಅದೇ ಕಥೆ. ರಸ್ತೆ ಗಾಡಿಗೆ ಕೋಸ್ಟ್‌ಡೌನ್ ಅಂತ ಒಂದು ಟೆಸ್ಟ್ ಇದೆ. ಗಾಡಿಯನ್ನು ವೇಗಕ್ಕೆ ತಂದು, ನ್ಯೂಟ್ರಲ್‌ಗೆ ಹಾಕಿ, ಹಾಗೇ ಬಿಟ್ಟುಬಿಡೋದು. ತಾನಾಗಿ ವೇಗ ಇಳಿಯೋಕೆ ಎಷ್ಟು ಹೊತ್ತು ಬೇಕು ಅಂತ ಅಳೆಯೋದು. ಹೋಗೋ ದಿಕ್ಕಿನಲ್ಲೂ ಮಾಡಬೇಕು, ಬರೋ ದಿಕ್ಕಿನಲ್ಲೂ ಮಾಡಬೇಕು. ಗಾಳಿ ಎದ್ದರೆ ಅವತ್ತಿನ ಕೆಲಸ ಹೋಯ್ತು. ಇಷ್ಟೆಲ್ಲ ಮಾಡಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮೇಲಿನವರ ಫೋನು: "ಎಷ್ಟು ಮೈಲೇಜ್ ಬಂತು?" ಮೈಲೇಜ್ ಅಳೆಯೋ ಟೆಸ್ಟೇ ಅದಲ್ಲ, ಸ್ವಾಮಿ.

ಫ್ಯಾಕ್ಟರಿಯ ಲೆಕ್ಕಕ್ಕೂ ಟ್ರ್ಯಾಕಿನ ಗಾಡಿಗೂ ಹೋಲಿಕೆ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ 2022ರ ಮರ್ಸಿಡೀಸ್ ಸಾಕು. ಎಂಟು ವರ್ಷ ಸತತವಾಗಿ ತಂಡಗಳ ಚಾಂಪಿಯನ್‌ಶಿಪ್ ಗೆದ್ದವರು. ಬಹ್ರೇನ್ ಟೆಸ್ಟಿಂಗ್‌ಗೆ ಪಕ್ಕೆಯೇ ಇಲ್ಲದಂಥ ಸಣಕಲು ಗಾಡಿ ತಂದರು. ಗಾಡಿ ನೇರ ರಸ್ತೆಯಲ್ಲಿ ಪುಟಪುಟ ಕುಣಿಯೋಕೆ ಶುರು ಮಾಡಿತು. ಆ ವರ್ಷದ ನಿಯಮದ ಪ್ರಕಾರ ಗಾಡಿಯ ತಳದ ಗಾಳಿಯೇ ಅದನ್ನು ನೆಲಕ್ಕೆ ಎಳೆಯಬೇಕು. ವೇಗ ಏರಿದಷ್ಟೂ ತಳ ನೆಲಕ್ಕೆ ಹತ್ತಿರವಾಗುತ್ತದೆ, ಒಂದು ಹಂತದಲ್ಲಿ ಗಾಳಿಯ ಹರಿವು ಕಟ್ಟಿಹೋಗಿ, ಎಳೆತ ತಪ್ಪಿ ಗಾಡಿ ಮೇಲೇಳುತ್ತದೆ, ಮತ್ತೆ ಕೂರುತ್ತದೆ. ಮಾದರಿಯ ಮೇಲೆ ಗಾಳಿ ಊದಿ ನೋಡುವ ಗಾಳಿ ಸುರಂಗದಲ್ಲಿ ಇದು ಯಾಕೆ ಕಾಣಲಿಲ್ಲ? ಅಲ್ಲಿ ಇಡೋದು ಹೆಚ್ಚೆಂದರೆ 60% ಅಳತೆಯ ಮಾದರಿ, ಗಾಳಿಯ ವೇಗಕ್ಕೂ ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿಮೀ ಮಿತಿ. ನಿಜವಾದ ಗಾಡಿ ಗಂಟೆಗೆ 300 ಕಿಮೀ ಮೇಲೆ ಓಡುವಾಗ ಆಗುವ ಕುಣಿತ ಅಲ್ಲಿ ಸಿಗೋದು ಕಷ್ಟ. ಡ್ರೈವರ್‌ಗಳು ಬಾಯಿಬಿಟ್ಟೇ ಹೇಳಿದರು, ಗೆಲ್ಲುವ ಗಾಡಿ ಅಲ್ಲ ಅಂತ. ಜನ ನಂಬಲಿಲ್ಲ. "ನಾಟಕ ಮಾಡ್ತಿದಾರೆ" ಅಂದರು. ಇಡೀ ವರ್ಷದಲ್ಲಿ ಅವರು ಗೆದ್ದಿದ್ದು ಒಂದು ರೇಸ್, ಬ್ರೆಜಿಲ್‌ನಲ್ಲಿ ರಸೆಲ್.

ನಾನು ಆಗಾಗ ಇಲ್ಲಿನ ಒಂದು ಕಾಲೇಜಿನ ಫಾರ್ಮುಲಾ ಸ್ಟೂಡೆಂಟ್ (ವಿದ್ಯಾರ್ಥಿಗಳೇ ರೇಸ್ ಗಾಡಿ ಕಟ್ಟಿ ಓಡಿಸುವ ಸ್ಪರ್ಧೆ) ತಂಡಕ್ಕೆ ಸಲಹೆ ಕೊಡಲು ಹೋಗುತ್ತೇನೆ. ಚೆಂದದ ಹುಡುಗರು, ರಾತ್ರಿಯಿಡೀ ವೆಲ್ಡಿಂಗ್ ಮಾಡಿ ಬೆಳಿಗ್ಗೆ ಕ್ಲಾಸಿನಲ್ಲಿ ನಿದ್ದೆ ಹೊಡೆಯುವವರು. ಅವರಲ್ಲಿ ಬೆಳಗಾವಿಯ ಹುಡುಗ ಒಬ್ಬ ಓಡಿಬಂದ. "ಸರ್, ಎರಡು ಸೆಕೆಂಡ್ ಕಮ್ಮಿ ಆತ್ರಿ!"

"ಏನೇನು ಬದಲಿ ಮಾಡಿದ್ರಿ?"

"ಟೈರಿನ ಗಾಳಿ ಇಳಿಸಿದ್ವಿ ಸರ್. ಹಿಂದಿನ ವಿಂಗ್ ಎತ್ತಿದ್ವಿ." ಸ್ವಲ್ಪ ತಡೆದು, "ಡ್ರೈವರ್ ಸುದ್ದಾ ಬ್ಯಾರೆ ಇದ್ದ ರೀ."

ಈಗ ಆ ಎರಡು ಸೆಕೆಂಡ್ ಯಾವುದರ ಲೆಕ್ಕಕ್ಕೆ ಹಾಕೋದು? ಒಂದು ದಿನದ ಪೆಟ್ರೋಲೂ ಟೈರೂ ಸುಟ್ಟು ಅವರು ಕಲಿತದ್ದು ಏನೂ ಇಲ್ಲ. ಆದರೆ ವಾಟ್ಸಾಪ್ ಸ್ಟೇಟಸ್ ಮಾತ್ರ ಆಗಲೇ ಹಾಕಿಯಾಗಿತ್ತು. ಅವರಿಗೆ ಬೈಯೋಕೂ ಮನಸ್ಸು ಬರಲಿಲ್ಲ.

ಹಾಗಾದರೆ ಟೆಸ್ಟಿಂಗ್‌ನಲ್ಲಿ ನೋಡೋದಾದರೂ ಏನನ್ನ? ನಾನಂತೂ ಒಂದೇ ಟೈರಿನಲ್ಲಿ ಸತತವಾಗಿ 15, 20 ಲ್ಯಾಪ್ ಓಡಿದ್ದನ್ನು ಹುಡುಕುತ್ತೇನೆ. ಇಲ್ಲಿ ಒಂದು ಸಣ್ಣ ಲೆಕ್ಕ ಇದೆ, ದಯವಿಟ್ಟು ನಿಧಾನವಾಗಿ ಓದಿ. ಬಹ್ರೇನ್ ರೇಸ್ 57 ಲ್ಯಾಪ್. 2019ರ ನಿಯಮದ 110 ಕೆಜಿಯನ್ನು ಅದಕ್ಕೆ ಹಂಚಿದರೆ ಲ್ಯಾಪಿಗೆ 1.9 ಕೆಜಿ ಉರಿಯುತ್ತದೆ. ಅಷ್ಟು ಹಗುರಾದರೆ ಪ್ರತಿ ಲ್ಯಾಪಿಗೂ ಸುಮಾರು 0.06 ಸೆಕೆಂಡ್ ತಾನಾಗೇ ಸಿಗಬೇಕು. ಟೈಮ್ ಇಳಿಯದೆ ಒಂದೇ ಕಡೆ ನಿಂತಿದ್ದರೆ, ಟೈರ್ ಸವೆದು ಅಷ್ಟನ್ನೇ ತಿಂದಿದೆ ಅಂತ ಅರ್ಥ. ಲ್ಯಾಪಿಗೆ 0.1ರಂತೆ ಟೈಮ್ ಏರುತ್ತಿದ್ದರೆ ಟೈರ್ ತಿಂದದ್ದು 0.16. ಇದರಲ್ಲಿ ನನಗೆ ಇಷ್ಟವಾಗೋದು ಏನಂದರೆ, ಶುರುವಿನಲ್ಲಿ ಎಷ್ಟು ಪೆಟ್ರೋಲ್ ಇತ್ತು ಅನ್ನೋದು ಗೊತ್ತಿಲ್ಲದಿದ್ದರೂ ಈ ಏರಿಳಿತ ಏನೋ ಒಂದನ್ನು ಹೇಳುತ್ತದೆ. ಹಾಗಂತ ಇದೇ ವೇದವಾಕ್ಯ ಅಲ್ಲ. ಎಂಜಿನ್ ಓಡಿಸುವ ಜೋರನ್ನು ನಡುವೆ ಬದಲಾಯಿಸಿದರೆ, ಡ್ರೈವರ್ ಟೈರ್ ಉಳಿಸಿಕೊಂಡು ಓಡಿಸಿದರೆ ಇದೂ ಕೈಕೊಡುತ್ತದೆ.

2025ರಲ್ಲಿ ಬಹ್ರೇನ್ ಪಟ್ಟಿಯ ಮೇಲೆ ಇದ್ದದ್ದು ವಿಲಿಯಮ್ಸ್‌ನ ಸೈನ್ಜ್, 1:29.348. ನನ್ನಂಥವರು ಅದನ್ನು ಬಿಟ್ಟು ಮೆಕ್ಲಾರೆನ್‌ನ ನಾರಿಸ್ ಓಡಿಸಿದ ಉದ್ದನೆಯ ಓಟದ ಬಗ್ಗೆ ಮಾತಾಡಿಕೊಳ್ಳುತ್ತಿದ್ದೆವು. ವರ್ಷ ಮುಗಿದಾಗ ನಾರಿಸ್ ಚಾಂಪಿಯನ್, ತಂಡಗಳಲ್ಲಿ ಮೆಕ್ಲಾರೆನ್ ಮೊದಲು, ವಿಲಿಯಮ್ಸ್ ಐದನೆಯದು. ಇನ್ನೊಂದು ತುದಿಗೆ 2014ರ ರೆಡ್ ಬುಲ್ ಇದೆ. ಸ್ಪೇನ್‌ನ ಹೆರೆಸ್‌ನಲ್ಲಿ ನಡೆದ ಟೆಸ್ಟಿಂಗ್‌ನಲ್ಲಿ ನಾಲ್ಕು ದಿನಕ್ಕೆ 21 ಲ್ಯಾಪ್ ಓಡಿಸೋದರಲ್ಲೇ ಅವರಿಗೆ ಸಾಕಾಗಿಹೋಗಿತ್ತು. ಆದರೂ ಆ ವರ್ಷ ಮೂರು ರೇಸ್ ಗೆದ್ದು ತಂಡಗಳಲ್ಲಿ ಎರಡನೇ ಸ್ಥಾನಕ್ಕೆ ಬಂದರು.

ಪಟ್ಟಿ ನಿಜ ಹೇಳಿದ ವರ್ಷವೂ ಉಂಟು, ಇಲ್ಲ ಅನ್ನಲ್ಲ. 2009ರ ಮಾರ್ಚ್‌ನಲ್ಲಿ ಬ್ರಾನ್ ತಂಡ ತಡವಾಗಿ ಬಾರ್ಸಿಲೋನಾಕ್ಕೆ ಬಂದು ಎಲ್ಲರಿಗಿಂತ ಜೋರಾಗಿ ಓಡಿತು. ಸ್ಪಾನ್ಸರ್ ಹಿಡಿಯೋಕೆ ಖಾಲಿ ಟ್ಯಾಂಕಿನಲ್ಲಿ ಓಡಿಸ್ತಿದಾರೆ ಅಂತ ತಿಳಿದವರೇ ನಕ್ಕರು. ಅವರ ಡ್ರೈವರ್ ಬಟನ್ ಮೊದಲ ಏಳು ರೇಸಿನಲ್ಲಿ ಆರು ಗೆದ್ದ. ಅದಕ್ಕೇ ನಾನು ಯಾರಿಗೂ "ಫೆರಾರಿ ಗೆಲ್ಲಲ್ಲ" ಅಂತ ಹೇಳಲ್ಲ. ಪಟ್ಟಿಯಿಂದ ಅದನ್ನು ಹೇಳೋಕಾಗಲ್ಲ, ಮೂರು ನಾಲ್ಕು ರೇಸ್ ಆಗಲಿ ಅನ್ನುತ್ತೇನೆ. ಆಫೀಸಿನ ಫ್ಯಾಂಟಸಿ ಲೀಗಿಗೆ ತಂಡ ಕೊಡೋಕೆ ಮೊದಲ ರೇಸಿಗೆ ಮುಂಚೆಯೇ ಕೊನೇ ದಿನವಂತೆ. ಅದಕ್ಕೆ ನಾನೇನು ಮಾಡಲಿ?