ಹೂತ ಕಾರನ್ನು ಪಿಕಪ್‌ನಿಂದ ಎಳೆಯುವುದು ಹೇಗೆ? ಮೊದಲು ಸಲಿಕೆ, ಆಮೇಲೆ ಬೆಲ್ಟ್

ಪ್ರಶ್ನೆ: ಬೆಳಗಾವಿಯಿಂದ ಗೋವಾದ ಮಾಪ್ಸಾ ಮಾರ್ಕೆಟ್‌ಗೆ ಪಿಕಪ್‌ನಲ್ಲಿ ತರಕಾರಿ ತರುತ್ತೇನೆ. ಮಳೆಗಾಲದಲ್ಲಿ ಗದ್ದೆ ಬದಿಯಲ್ಲೋ ಬೀಚ್ ಹತ್ತಿರವೋ ಯಾರದ್ದಾದರೂ ಕಾರು ಹೂತರೆ, ‘ಅಣ್ಣಾ, ಸ್ವಲ್ಪ ಎಳೆದುಕೊಡಿ’ ಅಂತ ಕೈ ಅಡ್ಡ ಹಾಕುತ್ತಾರೆ. ಹಗ್ಗ ಎಲ್ಲಿ ಕಟ್ಟಬೇಕು? ಜೋರಾಗಿ ಜಗ್ಗಿದರೆ ನನ್ನ ಗಾಡಿಗೆ ಏನಾದರೂ ಆಗುತ್ತಾ?

ಉತ್ತರ: ಗಾಡಿಗೆ ಏನಾದರೂ ಆದರೆ ಗ್ಯಾರೇಜ್ ಇದೆ. ಬಿಗಿಯಾದ ಹಗ್ಗ ಕಿತ್ತು ಹಾರಿದಾಗ ಅದರ ದಾರಿಯಲ್ಲಿ ನಿಂತವರ ಬಗ್ಗೆ ನನಗೆ ಜಾಸ್ತಿ ಚಿಂತೆ. ಎಲ್ಲಿ ಕಟ್ಟಬೇಕು ಅನ್ನುವುದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಸ್ವಲ್ಪ ಲೆಕ್ಕ ನೋಡೋಣ.

ಕೆಸರಿನಲ್ಲಿ ಚಕ್ರದ ಮಟ್ಟಕ್ಕೆ ಹೂತ ಗಾಡಿಯನ್ನು ಎಳೆಯಲು ಹೆಚ್ಚುಕಡಿಮೆ ಅದರ ತೂಕದಷ್ಟೇ ಬಲ ಬೇಕು. ಮಡ್‌ಗಾರ್ಡ್‌ವರೆಗೆ ಹೂತರೆ ಎರಡರಷ್ಟು. ಸೇನೆಯವರು ಸಿಕ್ಕಿಬಿದ್ದ ಗಾಡಿ ಎತ್ತುವಾಗ ಹಾಕುವ ಅಂದಾಜು ಇದು. ಸಣ್ಣ ಕಾರು ಅಂದರೂ ಸುಮಾರು 1,000 ಕೆಜಿ. ಈಗ ನಿಮ್ಮ ಪಿಕಪ್ ಕಡೆ ಬನ್ನಿ. ಎಂಜಿನ್‌ನಲ್ಲಿ ಎಷ್ಟೇ ತಾಕತ್ತಿರಲಿ, ಟೈರ್‌ಗೆ ಹಿಡಿತ ಸಿಕ್ಕಷ್ಟೇ ಗಾಡಿ ಎಳೆಯುತ್ತದೆ. ಹೆಚ್ಚಿನ ಪಿಕಪ್‌ಗಳಲ್ಲಿ ತಿರುಗುವುದು ಹಿಂದಿನ ಚಕ್ರ ಮಾತ್ರ. ಖಾಲಿ ಗಾಡಿಯಲ್ಲಿ ಆ ಚಕ್ರಗಳ ಮೇಲೆ 700 ಕೆಜಿ ಭಾರ ಇದೆ ಅಂತ ಹಿಡಿಯಿರಿ. ಒದ್ದೆ ಮಣ್ಣಿನಲ್ಲಿ ಅದರ ಮೂರರಲ್ಲಿ ಒಂದು ಪಾಲು ಹಿಡಿತ ಸಿಕ್ಕರೆ ಹೆಚ್ಚು. ಅಂದರೆ ಇನ್ನೂರು ಚಿಲ್ಲರೆ ಕೆಜಿ ಬಲ. ಅಲ್ಲಿ ಬೇಕಾಗಿರುವುದು ಸಾವಿರ. ಅದಕ್ಕೇ ಖಾಲಿ ಪಿಕಪ್ ಸುಮ್ನೆ ಚಕ್ರ ತಿರುಗಿಸುತ್ತಾ ತಾನೂ ಗುಂಡಿ ತೋಡಿಕೊಳ್ಳುತ್ತದೆ.

ಈ ಲೆಕ್ಕವನ್ನು ಮೂರು ಕಡೆಯಿಂದ ಸರಿಮಾಡಬಹುದು. ಒಂದು, ಲೋಡ್ ಇಳಿಸಬೇಡಿ. ಬಾಡಿಯಲ್ಲಿ ಒಂದು ಟನ್ ಈರುಳ್ಳಿ ಇದ್ದರೆ ಇವತ್ತು ಅದೇ ನಿಮ್ಮ ಗೆಳೆಯ. ಎರಡು, ಪಿಕಪ್ ಡಾಂಬರಿನ ಮೇಲೋ ಗಟ್ಟಿ ಜಂಬಿಟ್ಟಿಗೆ ನೆಲದ ಮೇಲೋ ನಿಲ್ಲಲಿ. ಅಷ್ಟು ಉದ್ದದ ಬೆಲ್ಟ್ (ಗಾಡಿ ಎಳೆಯಲು ಬಳಸುವ ಅಗಲವಾದ ಪಟ್ಟಿ) ಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಸಲಿಕೆ. ಯಾರಿಗೂ ಇಷ್ಟವಿಲ್ಲದ ಕೆಲಸ, ಗೊತ್ತು. ಎಲ್ಲರಿಗೂ ಹಗ್ಗ ಕಟ್ಟುವ ಅವಸರ. ಆದರೆ ಕಾರಿನ ಹೊಟ್ಟೆ ಮಣ್ಣಿಗೆ ತಾಗಿ ಕೂತಿದ್ದರೆ ನೀವು ಕಾರನ್ನಷ್ಟೇ ಎಳೆಯುತ್ತಿಲ್ಲ, ಅದರ ಮುಂದಿನ ಮಣ್ಣನ್ನೂ ದೂಡುತ್ತಿದ್ದೀರಿ. ಅಡಿಯ ಮಣ್ಣು ತೆಗೆಯಿರಿ. ಕಾರು ಹೊರಬರುವ ದಿಕ್ಕಿಗೆ ಪ್ರತಿ ಚಕ್ರದ ಮುಂದೆ ಇಳಿಜಾರು ಮಾಡಿ. ಅದರ ಮೇಲೆ ತೆಂಗಿನ ಗರಿ, ಗೋಣಿಚೀಲ, ಹಲಗೆ, ಸಿಕ್ಕಿದ್ದನ್ನು ಹಾಕಿ. ಗೋವಾದಲ್ಲಿ ತೆಂಗಿನ ಗರಿಗೇನು ಬರ ಅಲ್ವಾ! ಖಾಜನ್ ಗದ್ದೆಗಳ (ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ತಗ್ಗು ಗದ್ದೆಗಳು) ಬದಿಯ ಜಿಗುಟು ಕೆಸರಿನಲ್ಲಿ ಚಕ್ರದ ಸುತ್ತ ಸ್ವಲ್ಪ ಬಿಡಿಸಿ ಗಾಳಿ ಹೋಗಲು ಜಾಗ ಮಾಡಿದರೆ ಹಿಡಿದುಕೊಂಡ ಕೆಸರು ಬಿಟ್ಟುಕೊಡುತ್ತದೆ. ಮರಳಾದರೆ ಕಾರಿನ ಟೈರ್ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿ. ಎಷ್ಟೋ ಸಲ ಇಷ್ಟು ಮಾಡಿದ ಮೇಲೆ ನಾಲ್ಕು ಜನ ತಳ್ಳಿದರೆ ಸಾಕು, ಪಿಕಪ್ಪೇ ಬೇಕಾಗುವುದಿಲ್ಲ.

ಇನ್ನು ಕಟ್ಟುವ ಜಾಗ. ಈಗಿನ ಹೆಚ್ಚಿನ ಕಾರುಗಳಲ್ಲಿ ಟೋಯಿಂಗ್ ಹುಕ್ ಡಿಕ್ಕಿಯಲ್ಲಿ ಜ್ಯಾಕ್, ಪಾನಾ ಜತೆ ಇರುತ್ತದೆ. ಬಂಪರ್‌ನಲ್ಲಿ ಚಿಕ್ಕ ಮುಚ್ಚಳ ತೆಗೆದರೆ ಅದನ್ನು ತಿರುಗಿಸಿ ಕೂರಿಸುವ ತೂತು ಕಾಣುತ್ತದೆ. ಕೊನೆಯವರೆಗೂ ತಿರುಗಿಸಿ ಬಿಗಿ ಮಾಡಿ. ಅರ್ಧ ಹೊರಗಿದ್ದರೆ ಬಾಗಿ ಮುರಿಯುತ್ತದೆ. ಕೆಲವು ಕಾರುಗಳಲ್ಲಿ ಹುಕ್ಕಿನ ತಿರುಪು ಎಡಕ್ಕೆ ತಿರುಗಿಸಿ ಬಿಗಿ ಮಾಡುವ ಜಾತಿಯದು, ಬಲವಂತ ಮಾಡಬೇಡಿ. ಇನ್ನೊಂದು ಮಾತು: ಈ ಹುಕ್ ಇರುವುದು ಕೆಟ್ಟು ನಿಂತ ಕಾರನ್ನು ರಸ್ತೆಯಲ್ಲಿ ನೇರವಾಗಿ ಎಳೆಯಲು. ಮಡ್‌ಗಾರ್ಡ್‌ವರೆಗೆ ಹೂತ ಕಾರನ್ನು ಕೀಳಲು ಅಲ್ಲ. ಪಕ್ಕಕ್ಕೆ ಎಳೆದರಂತೂ ಅದು ತಾಳುವುದಿಲ್ಲ. ಬಂಪರ್, ಸ್ಟೀರಿಂಗ್ ರಾಡ್, ಸಸ್ಪೆನ್ಷನ್ ಆರ್ಮ್, ಇವಕ್ಕೆ ಯಾವತ್ತೂ ಕಟ್ಟಬೇಡಿ. ಆ್ಯಕ್ಸಲ್‌ಗೆ ಸುತ್ತುವ ಅಭ್ಯಾಸ ನಮ್ಮಲ್ಲಿ ಬಹಳ. ಬ್ರೇಕ್ ಪೈಪ್ ಅಲ್ಲೇ ಹಾದುಹೋಗಿರುತ್ತದೆ ಅನ್ನುವುದು ಮರೆತೇ ಹೋಗಿರುತ್ತದೆ.

ನಿಮ್ಮ ಪಿಕಪ್‌ನಲ್ಲಿ ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದ ಹುಕ್ ಇದ್ದರೆ ಅದೇ ಸರಿಯಾದ ಜಾಗ. ಬಾಡಿಯ ಅಂಚಿನಲ್ಲಿ ತಾಡಪತ್ರಿ ಕಟ್ಟುವ ಕೊಕ್ಕೆಗಳಿವೆಯಲ್ಲ, ಅವು ಈ ಕೆಲಸಕ್ಕೆ ಬರುವುದಿಲ್ಲ. ಟ್ರೇಲರ್ ಸಿಕ್ಕಿಸುವ ಗುಂಡು ಇದ್ದರೆ ಅದಕ್ಕೂ ಬೇಡ. ಅದು ಮುರಿದರೆ ಕಬ್ಬಿಣದ ಗುಂಡು ಹಿಂದಿನ ಕಾರಿನ ಗಾಜು ಒಡೆದು ಒಳಗೆ ಹೋಗುತ್ತದೆ. ಹೊರದೇಶಗಳಲ್ಲಿ ಜನ ಸತ್ತಿದ್ದಾರೆ.

ಜಗ್ಗಿ ಎಳೆಯುವ ಬಗ್ಗೆ ಕೇಳಿದಿರಿ. 2 ಟನ್ ಪಿಕಪ್ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೊರಟು ಹಗ್ಗ ಬಿಗಿಯಾದಾಗ ನಿಂತುಬಿಟ್ಟಿತು ಅಂದುಕೊಳ್ಳಿ. ಸರಪಳಿಯೋ ಸ್ಟೀಲ್ ರೋಪೋ ಆದರೆ ಹಿಗ್ಗುವುದೇ ಕಡಿಮೆ. 10 ಸೆಂಟಿಮೀಟರ್‌ನಲ್ಲಿ ಗಾಡಿ ನಿಂತರೆ ಹುಕ್ ಮೇಲೆ ಬೀಳುವ ಬಲ ಸರಾಸರಿ 8 ಟನ್ ಹತ್ತಿರ. ಅದೇ ವೇಗಕ್ಕೆ 2 ಮೀಟರ್ ಹಿಗ್ಗುವ ನೈಲಾನ್ ಹಗ್ಗ ಇದ್ದರೆ ಸರಾಸರಿ ಅರ್ಧ ಟನ್ನೂ ಇಲ್ಲ. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟು. ಜಗ್ಗಿ ಎಳೆಯಲಿಕ್ಕೆಂದೇ ಹಿಗ್ಗುವ ಹಗ್ಗಗಳು ಬರುತ್ತವೆ, ಆದರೆ ಅವಕ್ಕೆ ತಕ್ಕ ಗಟ್ಟಿ ಹುಕ್ ಎರಡೂ ಗಾಡಿಯಲ್ಲಿ ಇರಬೇಕು. ಸಣ್ಣ ಕಾರುಗಳಲ್ಲಿ ಅದು ಇರುವುದಿಲ್ಲ. ಆದ್ದರಿಂದ ನನ್ನ ಮಾತು ಇಷ್ಟೇ: ನೀವು ಜಗ್ಗಲೇಬೇಡಿ. ಅಗಲವಾದ ಬೆಲ್ಟ್ ಹಾಕಿ. ಮೊದಲ ಗೇರ್‌ನಲ್ಲಿ ಇಂಚಿಂಚಾಗಿ ಹೋಗಿ ಸಡಿಲ ತೆಗೆಯಿರಿ. ಬಿಗಿಯಾದ ಮೇಲೆ ನಿಧಾನಕ್ಕೆ ಎಳೆಯಿರಿ. ಬರಲಿಲ್ಲವೋ, ನಿಲ್ಲಿಸಿ ಮತ್ತೆ ಸಲಿಕೆ ಹಿಡಿಯಿರಿ.

ಸಾಧ್ಯವಾದಷ್ಟೂ ಕಾರು ಒಳಗೆ ಬಂದ ಜಾಡಿನಲ್ಲೇ ಹಿಂದಕ್ಕೆ, ನೇರವಾಗಿ ಎಳೆಯಿರಿ. ಎರಡು ಬೆಲ್ಟ್ ಕೂಡಿಸಬೇಕಾದರೆ ನಡುವೆ ಕಬ್ಬಿಣದ ಶ್ಯಾಕಲ್ (ಪಿನ್ ಹಾಕಿ ಮುಚ್ಚುವ U ಆಕಾರದ ಕೊಂಡಿ) ಹಾಕಬೇಡಿ. ಒಂದರ ಕುಣಿಕೆಯಲ್ಲಿ ಇನ್ನೊಂದನ್ನು ತೂರಿಸಿ. ಬೆಲ್ಟ್ ನಡುವೆ ಒದ್ದೆ ಗೋಣಿಚೀಲವನ್ನೋ ಕಂಬಳಿಯನ್ನೋ ಹೊದಿಸಿ. ಕಿತ್ತರೂ ಹಾರುವ ಜೋರು ತಗ್ಗುತ್ತದೆ. ಜನರನ್ನು ಬೆಲ್ಟ್‌ನ ಉದ್ದದ ಒಂದೂವರೆಯಷ್ಟು ದೂರ ಸರಿಸಿ, ಬೆಲ್ಟ್ ದಾಟಲು ಯಾರನ್ನೂ ಬಿಡಬೇಡಿ. ಮೊಬೈಲ್ ಹಿಡಿದು ವಿಡಿಯೊ ಮಾಡುವವರು ಎಲ್ಲರಿಗಿಂತ ಹತ್ತಿರ ಬರುತ್ತಾರೆ, ಅವರನ್ನೇ ಮೊದಲು ಓಡಿಸಿ. ಸನ್ನೆ ಮಾಡುವವರು ಒಬ್ಬರೇ ಇರಲಿ.

ಕಾರಿನವರು ಸ್ಟೀರಿಂಗ್ ಹಿಡಿದು, ಹ್ಯಾಂಡ್ ಬ್ರೇಕ್ ಇಳಿಸಿ, ನ್ಯೂಟ್ರಲ್‌ನಲ್ಲಿ ಕೂರಲಿ. ಎಂಜಿನ್ ಆನ್ ಇದ್ದರೆ ಬ್ರೇಕ್, ಸ್ಟೀರಿಂಗ್ ಹಗುರ. ಆದರೆ ಎಂಜಿನ್ ಒಳಗೆ ನೀರು ಹೋಗಿರುವ ಅನುಮಾನ ಇದ್ದರೆ ಸ್ಟಾರ್ಟ್ ಮಾಡಲೇಬಾರದು. ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಬೀಚ್ ವಿಷಯ ಬೇರೆ. ಗೋವಾದಲ್ಲಿ ಬೀಚ್ ಮೇಲೆ ಗಾಡಿ ಓಡಿಸುವುದು ನಿಷೇಧ. 2022ರ ಸರ್ಕಾರಿ ಆದೇಶದಲ್ಲಿ 5,000ದಿಂದ 50,000 ರೂಪಾಯಿವರೆಗೆ ದಂಡ ಹೇಳಿತ್ತು. ಬಾಡಿಗೆ ಕಾರು ತಂದು ನೀರಿನ ಅಂಚಿಗೆ ಇಳಿಸಿದವರಿಗೆ ಸಹಾಯ ಮಾಡಲು ಹೋಗಿ ನೀವೂ ಮರಳಿಗೆ ಇಳಿದರೆ ಎರಡು ಗಾಡಿ ಹೂತ ಲೆಕ್ಕ. ಇಳಿತದಿಂದ ಭರತಕ್ಕೆ ಆರು ಗಂಟೆ ಚಿಲ್ಲರೆ ಅಷ್ಟೇ. ಮರಳಂತೂ ಅಲೆ ಬಂದಷ್ಟೂ ಚಕ್ರದ ಕೆಳಗಿಂದ ಜಾರುತ್ತದೆ. ಗಟ್ಟಿ ನೆಲದಿಂದ ನಿಮ್ಮ ಬೆಲ್ಟ್ ಮುಟ್ಟದಿದ್ದರೆ ‘ಆಗಲ್ಲ’ ಅಂತ ಹೇಳಿ. 112ಕ್ಕೆ ಫೋನ್ ಮಾಡಿಸಿ, ಟ್ರ್ಯಾಕ್ಟರ್ ಅಥವಾ ಜೆಸಿಬಿ ಹುಡುಕಲು ಹೇಳಿ. ಗೋವಾದಲ್ಲಿ ಹತ್ತಿರದ ಕಟ್ಟಡದ ಕೆಲಸದ ಜಾಗದಲ್ಲಿ ಕೇಳಿದರೆ ನಮ್ಮ ಕಡೆಯವರೇ ಯಾರಾದರೂ ಸಿಗುವುದು ಅಪರೂಪವೇನಲ್ಲ.

ಕಾರು ಹೊರಬಂದ ಮೇಲೆ ಟೈರ್‌ಗೆ ಗಾಳಿ ತುಂಬಿಸದೆ ಹೆದ್ದಾರಿಗೆ ಹೋಗದಂತೆ ಅವರಿಗೆ ಹೇಳಿ. ಬ್ರೇಕ್ ಒಂದೆರಡು ಸಲ ಒತ್ತಿ ನೋಡಲಿ. ಉಪ್ಪುನೀರು ತಾಗಿದ್ದರೆ ಅಡಿಭಾಗವನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆಸಲಿ. ನಿಮ್ಮ ಬೆಲ್ಟನ್ನೂ ತೊಳೆದು ನೆರಳಿನಲ್ಲಿ ಒಣಗಿಸಿ. ಮರಳಿನ ಕಣ ಒಳಗೆ ಕೂತು ನೂಲನ್ನು ಕೊಯ್ಯುತ್ತದೆ. ಅಂಚಿನಲ್ಲಿ ಸಣ್ಣ ಹರಕು ಕಂಡರೂ ಅದರಿಂದ ಮತ್ತೆ ಗಾಡಿ ಎಳೆಯಬೇಡಿ, ತರಕಾರಿ ಕ್ರೇಟ್ ಕಟ್ಟಲು ಇಟ್ಟುಕೊಳ್ಳಿ.