ಗಡಿನಾಡಿನ ರೆಸ್ಯೂಮ್: ಭಾಷೆಗಳು ಮೇಲಕ್ಕೆ ಬರಲಿ

ಮಂಗಳೂರಿನ ಆಸ್ಪತ್ರೆ, ಫೈನಾನ್ಸ್ ಕಂಪನಿ, ಶೋರೂಮ್‌ಗಳಿಗೆ ಜನ ಹುಡುಕಿಕೊಡುವುದು ನನ್ನ ವೃತ್ತಿ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯಿಂದ ಬರುವ ರೆಸ್ಯೂಮ್‌ಗಳನ್ನು ನಾನು ಕೊನೆಯ ಸಾಲಿನವರೆಗೂ ಓದುತ್ತೇನೆ. ಊರಿನ ಮಕ್ಕಳೆಂಬ ಅಭಿಮಾನ ಒಂದು ಕಾರಣ. ಅದಕ್ಕಿಂತ ಮುಖ್ಯ ಕಾರಣ, ಅವರ ಅತಿ ಬೆಲೆಬಾಳುವ ಅರ್ಹತೆ ಇರುವುದೇ ಅಲ್ಲಿ. ಎರಡನೇ ಪುಟದ ತಳದಲ್ಲಿ, ಡಿಕ್ಲರೇಷನ್ನಿನ ತುಸು ಮೇಲೆ, ‘ಲ್ಯಾಂಗ್ವೇಜಸ್ ನೋನ್’ ಎಂದು ಬರೆದು ಐದಾರು ಹೆಸರುಗಳನ್ನು ಸಾಲಾಗಿ ಕೊಟ್ಟಿರುತ್ತಾರೆ. ಒಂದು ಹುದ್ದೆಗೆ ರಾಶಿ ಅರ್ಜಿ ನೋಡುವ ಎಚ್‌ಆರ್ ಅಷ್ಟು ಕೆಳಗೆ ಇಳಿಯುವುದಿಲ್ಲ.

ಕನ್ನಡ, ತುಳು, ಮಲಯಾಳ, ಇಂಗ್ಲಿಷ್, ಹಿಂದಿ. ಮನೆಯಲ್ಲಿ ಹವ್ಯಕವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ. ಸಪ್ತಭಾಷಾ ಸಂಗಮಭೂಮಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಪತ್ತು ಇದು. ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡು, ಕಣ್ಣೂರಿನಿಂದ ಬರುವ ರೋಗಿಗಳು ಬಹಳ. ವಿಮೆಯ ಕಾಗದ ಹಿಡಿದು ಗಾಬರಿಯಲ್ಲಿ ನಿಂತವರಿಗೆ ಮಲಯಾಳದಲ್ಲಿ ವಿವರಿಸಿ, ಮುಂದಿನವರಿಗೆ ತುಳುವಿನಲ್ಲಿ ಉತ್ತರ ಕೊಟ್ಟು, ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲಿ ದಾಖಲು ಮಾಡಬಲ್ಲ ಒಬ್ಬರನ್ನು ಬಿಲ್ಲಿಂಗ್ ಕೌಂಟರಿಗೆ ಹುಡುಕುವ ಕಷ್ಟ ನನಗೆ ಗೊತ್ತು. ಅಂಥ ಹುಡುಗ ಪೈವಳಿಕೆಯಲ್ಲೋ ವರ್ಕಾಡಿಯಲ್ಲೋ ಕೆಲಸ ಸಿಗದೆ ಕೂತಿರುತ್ತಾನೆ. ಜನರೊಡನೆ ಮಾತಾಡುವ ಕೆಲಸಕ್ಕೆ ಅರ್ಜಿ ಹಾಕುವುದಾದರೆ ಭಾಷೆಗಳು ಮೊದಲ ಪುಟದ ಮೇಲಿನ ಮೂರ್ನಾಲ್ಕು ಸಾಲುಗಳಲ್ಲೇ ಇರಬೇಕು.

ಬರೀ ಹೆಸರುಗಳ ಪಟ್ಟಿ ಸಾಲದು. ಯಾವುದನ್ನು ಮಾತಾಡುತ್ತೀರಿ, ಯಾವುದನ್ನು ಓದಿ ಬರೆಯುತ್ತೀರಿ ಎಂದು ಬಿಡಿಸಿ ಹೇಳಿ. ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಎಷ್ಟೋ ಮಕ್ಕಳು ಮಲಯಾಳವನ್ನು ನೀರು ಕುಡಿದ ಹಾಗೆ ಮಾತಾಡುತ್ತಾರೆ, ಲಿಪಿ ಬರುವುದಿಲ್ಲ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ‘ಮಲಯಾಳ ಗೊತ್ತು’ ಎಂದಷ್ಟೇ ಬರೆದು, ಸಂದರ್ಶನದಲ್ಲಿ ಮಲಯಾಳದ ಪತ್ರವೊಂದನ್ನು ಕೈಗೆ ಕೊಟ್ಟಾಗ ತಡವರಿಸಿದರೆ, ನೀವು ಬರೆದ ಉಳಿದ ವಿಷಯಗಳ ಮೇಲೂ ಸಂಶಯ ಬರುತ್ತದೆ.

ಇನ್ನು ಅನುಭವದ ವಿಚಾರ. ಬದಿಯಡ್ಕ ಕಡೆಯ ಒಬ್ಬಳು ಬಿಕಾಂ ಪದವೀಧರೆ ‘ಫ್ರೆಷರ್’ ಎಂದು ಬರೆದುಕೊಂಡು ಬಂದಿದ್ದಳು. ಡಿಗ್ರಿ ಮುಗಿದು ಎರಡು ವರ್ಷವಾಗಿದೆಯಲ್ಲ, ಇಷ್ಟು ದಿನ ಏನು ಮಾಡ್ತಿದ್ದೆ ಎಂದು ಕೇಳಿದೆ.

“ಸುಮ್ಮನೆ ಇದ್ದದ್ದು ಸರ್. ಮಾವನ ಬಟ್ಟೆ ಅಂಗಡಿಗೆ ಹೋಗ್ತಿದ್ದೆ.”

“ಅಲ್ಲಿ ಏನು ಕೆಲಸ?”

ಬಿಲ್ ಹಾಕುವುದು, ರಾತ್ರಿ ಕ್ಯಾಶ್ ತಾಳೆ ನೋಡುವುದು, ಬಂದ ಮಾಲನ್ನು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಏರಿಸುವುದು, ತಿಂಗಳಿಗೊಮ್ಮೆ ಜಿಎಸ್‌ಟಿ ಲೆಕ್ಕ ಸಿದ್ಧಮಾಡಿ ಟ್ಯಾಕ್ಸ್ ನೋಡುವವರಿಗೆ ಕಳಿಸುವುದು, ಓಣಂ ಮತ್ತು ಪೆರ್ನಾಳ್ (ಈದ್) ಸಮಯದಲ್ಲಿ ಹೆಚ್ಚುವರಿ ಹುಡುಗಿಯರಿಗೆ ಕೆಲಸ ಹೇಳಿಕೊಡುವುದು. ಇಷ್ಟೆಲ್ಲ ಮಾಡಿಯೂ ‘ಸುಮ್ಮನೆ ಇದ್ದದ್ದು’! ಸಂಬಳದ ಚೀಟಿ ಇಲ್ಲದ್ದು ಕೆಲಸವೇ ಅಲ್ಲ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಕೂತಿದೆ, ಹೆಣ್ಣುಮಕ್ಕಳಲ್ಲಂತೂ ಇನ್ನೂ ಆಳವಾಗಿ. ಅವಳ ರೆಸ್ಯೂಮಿನಲ್ಲಿ ಕೊನೆಗೆ ಹೀಗೆ ಬರೆದೆವು: ‘ಬಟ್ಟೆ ಅಂಗಡಿ, ಬದಿಯಡ್ಕ, ಎರಡು ವರ್ಷ. ದಿನಕ್ಕೆ 60ರಿಂದ 70 ಬಿಲ್; ದಿನದ ಕ್ಯಾಶ್ ತಾಳೆಯ ಜವಾಬ್ದಾರಿ; ಟ್ಯಾಲಿಯಲ್ಲಿ ಸ್ಟಾಕ್; ಜಿಎಸ್‌ಟಿ ರಿಟರ್ನಿಗೆ ಲೆಕ್ಕ ಸಿದ್ಧಪಡಿಸುವುದು. ಗಿರಾಕಿಗಳೊಡನೆ ಕನ್ನಡ, ತುಳು, ಮಲಯಾಳದಲ್ಲಿ ವ್ಯವಹಾರ.’ ಒಂದು ಮಾತನ್ನೂ ಹೆಚ್ಚಿಸಿಲ್ಲ. ಮಾವನಿಂದ ಅಂಗಡಿಯ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ತರಲು ಹೇಳಿದೆ.

ಹಾಗೆಯೇ ಯುವಕ ಸಂಘದಿಂದ ಯಕ್ಷಗಾನ ಆಟ ಆಡಿಸಿ, ಚಂದಾ ಎತ್ತಿ, ಖರ್ಚಿನ ಲೆಕ್ಕ ಒಪ್ಪಿಸಿದವನು ಹಣವನ್ನೂ ಜನರನ್ನೂ ನಿಭಾಯಿಸಿದ್ದಾನೆ. ಕೇರಳದ ಮಹಿಳಾ ಸ್ವಸಹಾಯ ಸಂಘವಾದ ಕುಟುಂಬಶ್ರೀ ಘಟಕದ ಲೆಕ್ಕಪುಸ್ತಕ ಬರೆದವಳಿಗೆ ಲೆಕ್ಕ ಬರುತ್ತದೆ. ಇಂಥವನ್ನು ‘ಹಾಬಿ’ಯ ಕೆಳಗೆ ತಳ್ಳಬೇಡಿ.

ಸರ್ಟಿಫಿಕೇಟುಗಳ ವಿಷಯದಲ್ಲಿ ಗಡಿ ದಾಟುವಾಗ ಒಂದು ತೊಡಕಿದೆ. ಕೇರಳದ ಎಸ್‌ಎಸ್‌ಎಲ್‌ಸಿಯಲ್ಲಿ 2005ರಿಂದ ಗ್ರೇಡ್ ಪದ್ಧತಿ. ಬೆಂಗಳೂರಿನ ಕಂಪನಿ ಶೇಕಡಾವಾರು ಕೇಳುತ್ತದೆ. ಊಹಿಸಿ ‘ಶೇ. 87’ ಎಂದು ಬರೆದರೆ ಸರ್ಟಿಫಿಕೇಟ್ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ. ಗ್ರೇಡನ್ನೇ ಬರೆದು, ಎ ಪ್ಲಸ್ ಅಂದರೆ 90ರಿಂದ 100, ಎ ಅಂದರೆ 80ರಿಂದ 89 ಎಂದು ಪಕ್ಕದಲ್ಲಿ ತಿಳಿಸಿ. ಪ್ಲಸ್ ಟುವಿನಲ್ಲಿ ಒಟ್ಟು 1200 ಅಂಕಗಳಿರುವುದರಿಂದ ಲೆಕ್ಕ ಸುಲಭ. 1020 ಬಂದಿದ್ದರೆ ಶೇ. 85. ಆದರೆ ಕರ್ನಾಟಕದವರಿಗೆ ಅರ್ಥವಾಗಲೆಂದು ಅದನ್ನು ‘ಪಿಯುಸಿ’ ಎಂದು ಬದಲಿಸಬೇಡಿ, ಸರ್ಟಿಫಿಕೇಟಿನಲ್ಲಿರುವ ಹೆಸರೇ ಇರಲಿ. ಡಿಗ್ರಿಯ ಗ್ರೇಡ್ ಪಾಯಿಂಟ್ ಬರೆಯುವಾಗ ಎಷ್ಟರಲ್ಲಿ ಎಷ್ಟು ಎಂದು ಹೇಳಲೇಬೇಕು. ನಿಮ್ಮ ಹೆಸರಿನ ಇನಿಶಿಯಲ್, ಸ್ಪೆಲ್ಲಿಂಗ್ ಕೂಡ ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟಿನಲ್ಲಿ ಇದ್ದಂತೆಯೇ ಇರಲಿ.

ವಿಳಾಸದಲ್ಲಿ ತರವಾಡಿನ (ಮೂಲ ಮನೆತನದ) ಹೆಸರು, ಅಂಚೆ, ಗ್ರಾಮ, ಪಿನ್ ಎಲ್ಲ ಬೇಡ. ‘ಕೇರಳ’ ಎಂದು ಕಂಡ ಕೂಡಲೇ ದೂರದವರೆಂದು ಪಕ್ಕಕ್ಕಿಡುವ ಅಧಿಕಾರಿಗಳಿದ್ದಾರೆ. 2020ರಲ್ಲಿ ಕೊರೊನಾ ಕಾಲದಲ್ಲಿ ತಲಪಾಡಿ ಗಡಿ ಮುಚ್ಚಿದ ನಂತರ ಈ ಅಳುಕು ಇನ್ನಷ್ಟು ಹೆಚ್ಚಿದ್ದನ್ನು ನಾನು ಕಂಡಿದ್ದೇನೆ. ಕಾಸರಗೋಡು ಪೇಟೆಯಿಂದಲೇ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಮಂಜೇಶ್ವರದಿಂದ ಅದರ ಅರ್ಧ. ‘ಕುಂಬಳೆ, ಕಾಸರಗೋಡು ಜಿಲ್ಲೆ, ಮಂಗಳೂರಿಗೆ ರೈಲಿನಲ್ಲಿ ದಿನಾ ಬಂದುಹೋಗಬಲ್ಲೆ’ ಎಂದು ಬರೆದರೆ ಅವರ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಯಾರದೋ ಹಳೆಯ ಫೈಲ್ ತೆರೆದು ಹೆಸರು ಬದಲಿಸಿ ಪ್ರಿಂಟ್ ತೆಗೆಯುವುದು ನಿಲ್ಲಬೇಕು. ಒಂದೇ ‘ಚಾಲೆಂಜಿಂಗ್ ಎನ್ವಿರಾನ್‌ಮೆಂಟ್’ ವಾಕ್ಯ, ಒಂದೇ ಡಿಕ್ಲರೇಷನ್. ಹೀಗೆ ಬಂದ ಎರಡು ರೆಸ್ಯೂಮ್ ಒಟ್ಟಿಗೆ ಸಿಕ್ಕಿದರೆ ಎರಡಕ್ಕೂ ಬೆಲೆ ಇರುವುದಿಲ್ಲ. ತಂದೆಯ ಹೆಸರು, ಜಾತಿ, ಧರ್ಮ, ಮದುವೆಯ ವಿವರ ಮಂಗಳೂರು, ಬೆಂಗಳೂರಿನ ಖಾಸಗಿ ಕೆಲಸಕ್ಕೆ ಬೇಕಾಗಿಲ್ಲ. ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಸಾಫ್ಟ್‌ವೇರ್ ಓದುವುದರಿಂದ ಟೇಬಲ್, ಎರಡು ಕಾಲಂ, ಬಣ್ಣದ ಪಟ್ಟಿಗಳಿಲ್ಲದ ಸರಳ ಪುಟ ಸಾಕು. ಪ್ರಿಂಟಿನ ಫೋಟೋ ತೆಗೆದು ವಾಟ್ಸಾಪ್ ಮಾಡಬೇಡಿ, ಪಿಡಿಎಫ್ ಕಳಿಸಿ. ಫೈಲಿಗೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರು ಇರಲಿ. (ಸರ್ಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಕೇರಳ ಪಿಎಸ್‌ಸಿಯ ದಾರಿ ಬೇರೆಯೇ, ಅಲ್ಲಿ ರೆಸ್ಯೂಮಿಗೆ ಕೆಲಸವಿಲ್ಲ, ಆನ್‌ಲೈನ್ ಪ್ರೊಫೈಲ್ ಮತ್ತು ಪರೀಕ್ಷೆಯೇ ಮುಖ್ಯ. ಕನ್ನಡ ಬಲ್ಲವರಿಗಾಗಿ ಕರೆಯುವ ಹುದ್ದೆಗಳ ಮೇಲೆ ಕಣ್ಣಿಡಿ.)

ಗಲ್ಫ್‌ಗೆ ಹೋಗುವವರು ಪ್ರತ್ಯೇಕ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. ಫೋಟೋ, ರಾಷ್ಟ್ರೀಯತೆ, ವೀಸಾ ಯಾವುದು, ಡ್ರೈವಿಂಗ್ ಲೈಸೆನ್ಸ್, ಯಾವಾಗ ಸೇರಬಲ್ಲಿರಿ ಎಂಬುದನ್ನು ಅಲ್ಲಿ ಸಾಮಾನ್ಯವಾಗಿ ನೋಡುತ್ತಾರೆ. ಆದರೆ ಪಾಸ್‌ಪೋರ್ಟ್ ಸಂಖ್ಯೆಯನ್ನಾಗಲಿ ಆಧಾರ್ ಸಂಖ್ಯೆಯನ್ನಾಗಲಿ ರೆಸ್ಯೂಮಿನಲ್ಲಿ ಹಾಕಬೇಡಿ. ಅದು ಎಷ್ಟು ಗ್ರೂಪುಗಳಲ್ಲಿ ತಿರುಗುತ್ತದೆಂದು ನಿಮಗೆ ತಿಳಿಯುವುದಿಲ್ಲ. ವಿದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟರು 1983ರ ಎಮಿಗ್ರೇಷನ್ ಕಾಯ್ದೆಯಡಿ ನೋಂದಾಯಿಸಿರಬೇಕು. ಆ ಹೆಸರುಗಳು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿವೆ. ಅಲ್ಲಿ ಹುಡುಕಿ, ಖಾತ್ರಿ ಮಾಡಿಕೊಂಡ ನಂತರವೇ ದಾಖಲೆಗಳ ಪ್ರತಿ ಕೊಡಿ.