ಡೆಟ್ರಾಯಿಟ್‌ನಲ್ಲಿ ಬ್ಲೂಸ್ ಇತ್ತೇ?

ಪ್ರಶ್ನೆ: ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ಶಿಕಾಗೊ ನಗರದ್ದು, ಡೆಟ್ರಾಯಿಟ್ ನಗರದ್ದು ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಸಂಗೀತ. ಹೀಗಿರುವಾಗ ‘ಡೆಟ್ರಾಯಿಟ್ ಬ್ಲೂಸ್’ ಎನ್ನುವುದು ಸರಿಯೇ?

ಉತ್ತರ: ಸರಿ. ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ತಪ್ಪಿದೆ. ಆದರೂ ಇನ್ನೊಮ್ಮೆ ಬರೆಯುತ್ತೇನೆ. ಮೋಟೌನ್‌ನ ಮೊದಲ ರೂಪವಾದ ಟ್ಯಾಮ್ಲಾ ಹುಟ್ಟಿದ್ದು 1959ರಲ್ಲಿ. ಅದಕ್ಕೂ ಮುಂಚೆ, 1948ರಲ್ಲಿಯೇ, ಬ್ಲೂಸ್ ಗಾಯಕ ಜಾನ್ ಲೀ ಹೂಕರ್ ಡೆಟ್ರಾಯಿಟ್‌ನ ಸ್ಟುಡಿಯೊದಲ್ಲಿ ‘ಬೂಗಿ ಚಿಲೆನ್’ ಹಾಡಿ ಮುಗಿಸಿದ್ದರು. ಮರುವರ್ಷ ಅದು ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಹಾಡುಗಳ ಜನಪ್ರಿಯತೆಯ ಪಟ್ಟಿಯ ತುದಿಗೇರಿತು. ಮಿಸಿಸಿಪ್ಪಿಯಿಂದ ಬಂದು, ಕಾರು ಕಾರ್ಖಾನೆಯಲ್ಲಿ ನೆಲ ಗುಡಿಸುತ್ತ, ರಾತ್ರಿ ಗಿಟಾರ್ ನುಡಿಸುತ್ತಿದ್ದ ಅವರು ಆ ಹಾಡಿನಲ್ಲಿ ಡೆಟ್ರಾಯಿಟ್‌ನ ಹೇಸ್ಟಿಂಗ್ಸ್ ಬೀದಿಯ ಹೆಸರು ಹಿಡಿದೇ ಹೇಳುತ್ತಾರೆ. ಹಾಡೇ ತನ್ನ ವಿಳಾಸ ಕೊಟ್ಟ ಮೇಲೂ ಅನುಮಾನವೇಕೆ?

ಅನುಮಾನಕ್ಕೆ ಕಾರಣ ರೆಕಾರ್ಡಿನ ನಡುವೆ ಕಂಪನಿಯ ಹೆಸರು ಹೊತ್ತ ಚೀಟಿ. ಶಿಕಾಗೊಗೆ ಚೆಸ್‌ನಂಥ ರೆಕಾರ್ಡ್ ಕಂಪನಿಯಿತ್ತು. ಡೆಟ್ರಾಯಿಟ್‌ನಲ್ಲಿ ಆ ಮಟ್ಟದ ಬ್ಲೂಸ್ ಕಂಪನಿ ಬೆಳೆಯಲಿಲ್ಲ. ಹಾಗಾಗಿ ‘ಬೂಗಿ ಚಿಲೆನ್’ ಲಾಸ್ ಏಂಜಲೀಸ್‌ನ ಮಾಡರ್ನ್ ಕಂಪನಿಯ ಹೆಸರಿನಲ್ಲಿ ಮಾರಾಟವಾಯಿತು. ಅದೇ ಹೂಕರ್ ಸಿನ್ಸಿನಾಟಿಯ ಕಿಂಗ್ ಕಂಪನಿಯ ರೆಕಾರ್ಡುಗಳಲ್ಲಿ ‘ಟೆಕ್ಸಾಸ್ ಸ್ಲಿಮ್’ ಎಂಬ ಹೆಸರಿನವರಾದರು. ಡೆಟ್ರಾಯಿಟ್‌ನ ಕಾರು ಕಾರ್ಮಿಕ ಬೋಬೊ ಜೆಂಕಿನ್ಸ್ ಅವರ ‘ಡೆಮೊಕ್ರಾಟ್ ಬ್ಲೂಸ್’ 1954ರಲ್ಲಿ ಚೆಸ್ ಮೂಲಕವೇ ಹೊರಬಂತು. ಚೀಟಿ ಓದಿ ಊರು ಗುರುತಿಸುವವರಿಗೆ ಇವೆಲ್ಲ ಪರಊರಿನವಾಗಿಯೇ ಕಾಣುತ್ತವೆ. ಊರಿನಲ್ಲೇ ಹಾಡು ಮುದ್ರಿಸಿದವರೂ ಇದ್ದರು: ಹೇಸ್ಟಿಂಗ್ಸ್ ಬೀದಿಯಲ್ಲಿ ಜೋ ವಾನ್ ಬ್ಯಾಟಲ್ ಅವರ ರೆಕಾರ್ಡ್ ಅಂಗಡಿಯಿತ್ತು. ಮುಂದೆ ವ್ಯಾಪಾರ, ಹಿಂದಿನ ಕೋಣೆಯಲ್ಲಿ ಧ್ವನಿಮುದ್ರಣ. ಹೆದ್ದಾರಿಗಾಗಿ ಬೀದಿಯನ್ನೇ ಕೆಡವಿದಾಗ ಅವರು ಹನ್ನೆರಡನೆಯ ಬೀದಿಗೆ ಹೋದರು. 1967ರ ಗಲಭೆಯಲ್ಲಿ ಆ ಅಂಗಡಿಯೂ ಹಾಳಾಯಿತು, ಟೇಪುಗಳೂ ಹಾಳಾದವು. ಬೀದಿಯನ್ನು ನೆಲಸಮ ಮಾಡಿದ ಮೇಲೆ ‘ಅಲ್ಲೇನೂ ಇರಲಿಲ್ಲ’ ಎನ್ನುವುದು ಬಹಳ ಸುಲಭ.

ಯಾರೂ ಕೇಳದಿದ್ದರೂ ಒಂದು ಸಂಗತಿ ಹೇಳಬೇಕೆನಿಸುತ್ತದೆ. ‘ಬೂಗಿ ಚಿಲೆನ್’ ಉದ್ದಕ್ಕೂ ಕೇಳುವ ಟಪಟಪ ಸದ್ದು ಡ್ರಮ್ಮಿನದಲ್ಲ, ಹೂಕರ್ ಅವರ ಬೂಟಿನದು. ಕಾಲಡಿಗೆ ಮರದ ಹಲಗೆಯಿಟ್ಟು ಆ ಸದ್ದಿಗೂ ಮೈಕ್ ಹಿಡಿದಿದ್ದರು. ಜೊತೆಗೆ ಬೇರೆ ವಾದ್ಯಗಾರರಿಲ್ಲದ್ದರಿಂದ ಬ್ಲೂಸ್‌ನ ರೂಢಿಯ ಹನ್ನೆರಡು ಬಾರ್‌ಗಳ (ಸಮ ಅಳತೆಯ ತಾಳಭಾಗಗಳ) ಲೆಕ್ಕ ಅವರನ್ನು ಕಟ್ಟಿಹಾಕಲಿಲ್ಲ. ಸಾಲು ಮುಗಿದಾಗ, ಇಲ್ಲವೇ ಮನಸ್ಸು ಬಂದಾಗ, ಮುಂದಕ್ಕೆ ಹೋಗುತ್ತಿದ್ದರು. ಕೆಲವರು ಇದನ್ನು ತಾಳಜ್ಞಾನದ ಕೊರತೆ ಎನ್ನುತ್ತಾರೆ. ಆ ಬೂಟಿನ ಸದ್ದನ್ನಷ್ಟೇ ಹಿಡಿದು ಹಾಡನ್ನು ಮೊದಲಿಂದ ಕೊನೆಯವರೆಗೆ ಕೇಳಿ ನೋಡಲಿ. ಅದು ಎಲ್ಲಿಯೂ ಎಡವುವುದಿಲ್ಲ.